ನಮ್ಮ ಎಲೆಯಲ್ಲೇ ಹೆಗ್ಗಣ ಸತ್ತು ಬಿದ್ದಿದೆ!

ಪರಭಾಷಿಕರಿಗೆ ಬುದ್ಧಿ ಹೇಳುವ ಮುನ್ನ ಕನ್ನಡದ ಹುಡುಗ ಹುಡುಗಿಯರು ತಮ್ಮನ್ನೇ ಕೇಳಿಕೊಳ್ಳಬೇಕಾದ ಮಾತುಗಳು

ಕನ್ನಡದ ಗೆಳೆಯರೇ,

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ತೋರಿಸಿ ನಕ್ಕನಂತೆ ಒಬ್ಬ. ಈ ಗಾದೆ ಹೊರಗಿನವರು ತಂದದ್ದಲ್ಲ. ಕನ್ನಡಿಗರೇ ಕಟ್ಟಿದ್ದು. ನಮ್ಮನ್ನು ನೋಡಿಯೇ ಕಟ್ಟಿದ್ದಿರಬೇಕು!

ಹತ್ತು ವರ್ಷ ಬೆಂಗಳೂರಿನಲ್ಲಿದ್ದು, ಇಲ್ಲೇ ಸೈಟು ಕೊಂಡು, ಮನೆ ಕಟ್ಟಿ, ಕಾವೇರಿ ನೀರು ಕುಡಿದು, "ಕನ್ನಡ ಯಾಕೆ ಕಲೀಬೇಕು?" ಎಂದು ಕೇಳುವವನ ಸೊಕ್ಕು ನೋಡಿದರೆ ನಮಗೆ ಮೈ ಉರಿಯುತ್ತದೆ. ಉರಿಯಲೇಬೇಕು. ಹಳ್ಳಿಯಿಂದ ಬಂದ ಅಜ್ಜಿ ಪಾಸ್‌ಬುಕ್ ಹಿಡಿದು ನಿಂತಾಗ "ಹಿಂದಿ ನಹೀ ಆತಾ?" ಎಂದು ಗದರುವ ಬ್ಯಾಂಕ್ ಅಧಿಕಾರಿಯ ದರ್ಪಕ್ಕೂ ಕ್ಷಮೆಯಿಲ್ಲ. ಕನ್ನಡ ನಾಡಿನಲ್ಲಿ ಕನ್ನಡ ಬೇಕು ಎಂಬುದು ಭಿಕ್ಷೆಯಲ್ಲ, ಹಕ್ಕು. ಆ ಮಾತನ್ನು ಒಂದಿಂಚೂ ಸಡಿಲಿಸುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ.

ಆದರೆ ಹಕ್ಕು ಕೇಳುವವನಿಗೆ ಒಂದು ಯೋಗ್ಯತೆ ಬೇಕು. ತಾನು ದಿನವೂ ಬಿಸಾಡುವ ವಸ್ತುವನ್ನು ಇನ್ನೊಬ್ಬ ಕಣ್ಣಿಗೊತ್ತಿಕೊಳ್ಳಲಿ ಎಂದರೆ ಯಾರು ಕೇಳುತ್ತಾರೆ? ಮೊದಲು ನಮ್ಮ ಎಲೆ ನೋಡಿಕೊಳ್ಳೋಣ. ಒಂದಲ್ಲ, ಐದು ಹೆಗ್ಗಣಗಳಿವೆ.

ಮೊದಲ ಹೆಗ್ಗಣ: ನಮ್ಮ ನಾಲಿಗೆ

ಯಾವ ಮನುಷ್ಯನೂ ಇನ್ನೊಂದು ಭಾಷೆಯನ್ನು ಪ್ರೀತಿಗಾಗಿ ಮೊದಲು ಕಲಿಯುವುದಿಲ್ಲ. ಅಗತ್ಯಕ್ಕಾಗಿ ಕಲಿಯುತ್ತಾನೆ. ಪ್ರೀತಿ ಆಮೇಲೆ ಬರುತ್ತದೆ. ಮುಂಬೈಗೆ ಹೋದ ನಮ್ಮ ಉಡುಪಿ, ಕುಂದಾಪುರದ ಹೋಟೆಲ್ ಮಾಣಿಗಳು ಮರಾಠಿ ಕಲಿತರು. ಯಾರೂ ಅವರಿಗೆ ಮರಾಠಿಯ ಹಿರಿಮೆಯ ಮೇಲೆ ಭಾಷಣ ಮಾಡಲಿಲ್ಲ. ಗಿರಾಕಿ ಮರಾಠಿಯಲ್ಲಿ ಚಹಾ ಕೇಳಿದ, ಮಾಣಿ ಮರಾಠಿ ಕಲಿತ. ಅಷ್ಟೇ ಕಥೆ.

ಬೆಂಗಳೂರಿನಲ್ಲಿ ಆಗುವುದೇನು? ಬಿಹಾರದಿಂದಲೋ ಒಡಿಶಾದಿಂದಲೋ ಬಂದ ಹುಡುಗ ಮೊದಲ ದಿನ ಅಂಗಡಿಯಲ್ಲಿ ನಿಲ್ಲುತ್ತಾನೆ. ಗಿರಾಕಿಯಾಗಿ ಬಂದ ಕನ್ನಡಿಗ ಅವನ ಮುಖ ನೋಡಿಯೇ "ಭಯ್ಯಾ, ಕಿತನಾ?" ಎನ್ನುತ್ತಾನೆ. ಆ ಹುಡುಗನಿಗೆ ಕನ್ನಡ ಬರುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ತಾಳ್ಮೆಯೂ ನಮಗಿಲ್ಲ. ಎರಡನೇ ಗಿರಾಕಿ ಬರುತ್ತಾನೆ. ಅವನೂ ಕನ್ನಡಿಗ, ಅವನೂ "ಭಯ್ಯಾ". ಸಂಜೆಯ ಹೊತ್ತಿಗೆ ಆ ಹುಡುಗ ಒಂದು ಪಾಠ ಕಲಿತಿರುತ್ತಾನೆ: ಈ ಊರಿನಲ್ಲಿ ಬದುಕಲು ಕನ್ನಡ ಬೇಡ. ಈ ಪಾಠ ಹೇಳಿಕೊಟ್ಟ ಮೇಷ್ಟ್ರು ಯಾರು? ದೆಹಲಿಯೇ? ನಾವೇ! ವರ್ಷಗಟ್ಟಲೆ ಆ ಪಾಠ ಹೇಳಿಕೊಟ್ಟು, ಒಂದು ದಿನ ಇದ್ದಕ್ಕಿದ್ದಂತೆ ಅವನ ಕೊರಳಪಟ್ಟಿ ಹಿಡಿದು "ಕನ್ನಡ ಯಾಕೆ ಬರಲ್ಲ?" ಎಂದು ಕೇಳಿದರೆ ಅವನು ಕಣ್ಣು ಕಣ್ಣು ಬಿಡದೆ ಇನ್ನೇನು ಮಾಡಿಯಾನು?

ಅದಕ್ಕಿಂತ ಹೇಸಿಗೆಯ ದೃಶ್ಯ ಇನ್ನೊಂದಿದೆ. ಮಾಲಿನಲ್ಲಿ ಬಟ್ಟೆ ತೋರಿಸುವ ಹುಡುಗಿ ಮಂಡ್ಯದವಳು, ಕೊಳ್ಳುವವಳು ತುಮಕೂರಿನವಳು. ಇಬ್ಬರೂ ಮುರುಕು ಇಂಗ್ಲಿಷಿನಲ್ಲಿ ತೊದಲುತ್ತಾರೆ. ಬಿಲ್ಲಿನ ಮೇಲೆ ಹೆಸರು ಬರೆಯುವಾಗಷ್ಟೇ "ಓ, ನೀವು ಕನ್ನಡದವ್ರಾ?" ಎಂದು ಗೊತ್ತಾಗುತ್ತದೆ. ಸ್ವಂತ ಊರಿನಲ್ಲಿ ಇಬ್ಬರು ಕನ್ನಡಿಗರು ಕಳ್ಳರಂತೆ ಒಬ್ಬರನ್ನೊಬ್ಬರು ಗುರುತು ಹಿಡಿಯಬೇಕಾದ ಸ್ಥಿತಿ ತಂದವರು ಯಾರು?

ನಾಮಫಲಕದ ಶೇಕಡಾ 60 ಭಾಗ ಕನ್ನಡವಿರಬೇಕು ಎಂಬ ಕೂಗು ಎದ್ದಿತು. ಅದಕ್ಕಾಗಿ 2023ರ ಡಿಸೆಂಬರ್ 27ರಂದು ಬೆಂಗಳೂರಿನ ರಸ್ತೆಗಳಲ್ಲಿ ಬೋರ್ಡುಗಳು ಮುರಿದವು, ಹುಡುಗರು ಜೈಲಿಗೆ ಹೋದರು. ಸರಿ, ಬೋರ್ಡಿನ ಮೇಲೆ ಅರವತ್ತು ಭಾಗ ಕನ್ನಡ ಬಂತು. ಅದೇ ಅಂಗಡಿಯ ಒಳಗೆ ಗಲ್ಲಾ ಮುಂದೆ ನಿಂತ ನಮ್ಮ ಬಾಯಲ್ಲಿ ಎಷ್ಟು ಭಾಗ ಕನ್ನಡ? ಎದೆ ಮುಟ್ಟಿಕೊಂಡು ಹೇಳಿ.

ಬ್ಯಾಂಕಿನಲ್ಲಿ ಕನ್ನಡವಿಲ್ಲ ಎಂದು ಕೂಗುತ್ತೇವೆ. ಕೂಗಬೇಕು. ಆದರೆ ಕೌಂಟರಿನ ನಮೂನೆಗಳು ಹಿಂದಿ, ಇಂಗ್ಲಿಷ್ ಜೊತೆಗೆ ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕೆಂಬುದು ರಿಸರ್ವ್ ಬ್ಯಾಂಕಿನದೇ ಸೂಚನೆ. ಚೆಕ್ಕನ್ನು ಕನ್ನಡದಲ್ಲಿ ಬರೆಯಬಹುದೆಂಬುದೂ ಅದರದೇ ಮಾತು. ನಮ್ಮಲ್ಲಿ ಎಷ್ಟು ಜನ ಜೀವಮಾನದಲ್ಲಿ ಒಂದು ಚೆಕ್ಕನ್ನು ಕನ್ನಡದಲ್ಲಿ ಬರೆದಿದ್ದೇವೆ? ಎಟಿಎಂ ಪರದೆ ಭಾಷೆ ಕೇಳಿದಾಗ ನಮ್ಮ ಬೆರಳು ತಾನಾಗಿ ಎಲ್ಲಿಗೆ ಹೋಗುತ್ತದೆ? ಮೊಬೈಲಿನಲ್ಲಿ ಕನ್ನಡ ಅಕ್ಷರ ಒತ್ತಲು ಒಂದು ಕಾಸೂ ಖರ್ಚಿಲ್ಲ. ಆದರೂ "ಊಟ ಆಯ್ತಾ ಅಮ್ಮಾ" ಎಂಬ ಎರಡು ಮಾತನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕಳಿಸುವ ಶೂರರು ನಾವು. ಕನ್ನಡವನ್ನು ಯಾರೂ ಒತ್ತುವುದಿಲ್ಲ ಎಂದು ಲೆಕ್ಕ ತೋರಿಸಿ ನಾಳೆ ಕಂಪನಿಯವನು ಆ ಗುಂಡಿಯನ್ನೇ ತೆಗೆದರೆ, ಪ್ರತಿಭಟನೆಗೆ ಮೊದಲು ಓಡುವವರೂ ನಾವೇ!

ಎರಡನೇ ಹೆಗ್ಗಣ: ನಮ್ಮ ಶಾಲೆ

1982ರ ಗೋಕಾಕ್ ಚಳವಳಿಯನ್ನು ಕನ್ನಡಿಗ ಮರೆಯುವಂತಿಲ್ಲ. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಲಿ ಎಂದು ಡಾ. ರಾಜ್‌ಕುಮಾರ್ ಬೀದಿಗಿಳಿದರು, ಇಡೀ ನಾಡು ಅವರ ಹಿಂದೆ ಬಂತು. 1994ರಲ್ಲಿ ಸರ್ಕಾರ ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂದು ಆಜ್ಞೆ ಮಾಡಿತು. ಎಷ್ಟು ಚೆಂದದ ಆಜ್ಞೆ!

ಆಮೇಲೆ? ಕನ್ನಡ ಮಾಧ್ಯಮಕ್ಕೆಂದು ಅನುಮತಿ ಪಡೆದು ಒಳಗೆ ಇಂಗ್ಲಿಷ್ ಮಾಧ್ಯಮ ನಡೆಸುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆಯನ್ನು 2006ರಲ್ಲಿ ಸರ್ಕಾರ ರದ್ದು ಮಾಡಬೇಕಾಯಿತು. ಹೋಬಳಿ ಹೋಬಳಿಯಲ್ಲಿ ಆ ಶಾಲೆ ತೆರೆದು ಕೂತವರು ಲಖನೌದಿಂದ ಬಂದವರೇ? ನಮ್ಮೂರಿನ ಗೌಡರು, ಶೆಟ್ಟರು, ಶಾಸಕರು, ಕನ್ನಡದಲ್ಲೇ ಭಾಷಣ ಬಿಗಿಯುವ ಮಹನೀಯರು. ಆ ಶಾಲೆಗಳ ಬೆಂಚು ತುಂಬಿಸಿದವರು ನಾವು. 2014ರ ಮೇ 6ರಂದು ಸುಪ್ರೀಂ ಕೋರ್ಟು ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ತೀರ್ಪು ಕೊಟ್ಟಾಗ ನಾವು ಕೋರ್ಟನ್ನು ಬೈದೆವು. ಆದರೆ ಆ ಮೊಕದ್ದಮೆ ಹೂಡಿದ್ದು ಕರ್ನಾಟಕದ ಶಾಲೆಗಳ ಆಡಳಿತ ಮಂಡಳಿಗಳು. ಮೊಕದ್ದಮೆಯ ಎರಡು ಕಡೆಯೂ ನಮ್ಮದೇ ಮನೆ!

ಇಲ್ಲಿ ಬಡ ತಂದೆತಾಯಿಯನ್ನು ಬೈಯುವುದು ಅನ್ಯಾಯ. ಗಾರೆ ಕೆಲಸದವನು ತನ್ನ ಮಗಳಿಗೆ ಇಂಗ್ಲಿಷ್ ಬರಲಿ, ಅವಳಾದರೂ ಎಸಿ ಕೋಣೆಯಲ್ಲಿ ಕೂರಲಿ ಎಂದು ಆಸೆಪಟ್ಟರೆ ಅದು ದ್ರೋಹವಲ್ಲ. ದ್ರೋಹ ಮಾಡಿದವರು ಬೇರೆ. ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿ, ಕನ್ನಡ ಉಳಿಸುವ ಹೊರೆಯನ್ನು ಬಡವರ ಮಕ್ಕಳ ತಲೆಗೆ ಹೊರಿಸಿದವರು. ಕನ್ನಡ ಶಾಲೆಯಲ್ಲೇ ಒಳ್ಳೆಯ ಇಂಗ್ಲಿಷ್ ಕಲಿಸಿ ಎಂದು ಕೇಳಬೇಕಾದ ಹೊತ್ತಿನಲ್ಲಿ ಇಂಗ್ಲಿಷ್ ಬೇಡವೇ ಬೇಡ ಎಂದು ಹಟ ಹಿಡಿದವರು. ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ಭಾಷೆಯಾಗಿ ಬಂದದ್ದು 2007ರಲ್ಲಿ. ಅಷ್ಟರಲ್ಲಿ ಊರ ಮಕ್ಕಳು ಹಳದಿ ವ್ಯಾನು ಹತ್ತಿ ಆಗಿತ್ತು. ಕೊನೆಗೆ 2019ರಲ್ಲಿ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. ಶೌಚಾಲಯ ಸರಿಯಿಲ್ಲದ, ಮೂರು ತರಗತಿಗೆ ಒಬ್ಬರೇ ಮೇಷ್ಟ್ರಿರುವ ಕನ್ನಡ ಶಾಲೆಯ ಮುಂದೆ ನಾವು ಎಷ್ಟು ದಿನ ಧರಣಿ ಕೂತಿದ್ದೇವೆ? ಪಾನಿಪೂರಿ ಗಾಡಿಯ ಮುಂದೆ ಕೂಗಿದ ಘೋಷಣೆಯಲ್ಲಿ ಹತ್ತರಲ್ಲೊಂದು ಭಾಗವನ್ನಾದರೂ ಆ ಶಾಲೆಯ ಗೇಟಿನ ಮುಂದೆ ಕೂಗಿದ್ದರೆ!

ಮೂರನೇ ಹೆಗ್ಗಣ: ನಾವೇ ಕಟ್ಟಿದ ಗೋಡೆ

ಕನ್ನಡಕ್ಕೆ ಡಬ್ಬಿಂಗ್ ಬೇಡ ಎಂದು ಅರವತ್ತರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ, ರಾಜ್‌ಕುಮಾರ್ ಅವರಂಥವರು ಹೋರಾಡಿದ್ದಕ್ಕೆ ಕಾರಣವಿತ್ತು. ಆಗ ಕನ್ನಡ ಚಿತ್ರಗಳಿಗೆ ಮದರಾಸಿನ ಸ್ಟುಡಿಯೋಗಳೇ ಗತಿ. ಹಸುಗೂಸು ಉದ್ಯಮಕ್ಕೆ ಬೇಲಿ ಬೇಕಿತ್ತು. ಆದರೆ ಗಿಡ ಮರವಾದ ಮೇಲೂ ಬೇಲಿ ತೆಗೆಯಲಿಲ್ಲ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಬಂದಾಗ ನಮ್ಮ ಮನೆಮನೆಯ ಅಜ್ಜಿಯರು ಕೈಮುಗಿದು ಹಿಂದಿ ಕೇಳಿದರು. ಆಮೇಲೆ ಮಕ್ಕಳ ಕಾರ್ಟೂನು ಬಂತು, ಪ್ರಾಣಿಗಳ ಚಾನೆಲ್ ಬಂತು. ಎಲ್ಲ ಹಿಂದಿಯಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ. ಕನ್ನಡದ ಕೂಸು ಶಾಲೆಗೆ ಹೋಗುವ ಮೊದಲೇ ಟೀವಿ ಮುಂದೆ ಕೂತು ಹಿಂದಿ ಕಲಿತಿತು. ಹಿಂದಿ ಹೇರಿಕೆ ಎಂದು ದೆಹಲಿಯತ್ತ ಬೆರಳು ತೋರಿಸಿದ ನಾವು, ಪಡಸಾಲೆಯಲ್ಲಿ ನಡೆದ ಈ ಹೇರಿಕೆಗೆ ಬಾಗಿಲು ಕಾದೆವು.

ಕಡೆಗೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ಅಘೋಷಿತ ನಿಷೇಧ ತಪ್ಪೆಂದು ಹೇಳಿ ನಮ್ಮ ಚಿತ್ರರಂಗದ ಸಂಸ್ಥೆಗಳಿಗೆ ದಂಡ ಹಾಕಿತು. 2020ರಲ್ಲಿ ಮಹಾಭಾರತ ಕನ್ನಡದಲ್ಲಿ ಮಾತಾಡಿದಾಗ ಕನ್ನಡಿಗರು ಮನೆಮಂದಿಯೆಲ್ಲ ಕೂತು ನೋಡಿದರು. ಆಕಾಶ ಕಳಚಿ ಬೀಳಲಿಲ್ಲ. ಪ್ರಪಂಚದ ಕಥೆಗಳನ್ನು ಕನ್ನಡದಲ್ಲಿ ಕೇಳುವ ಸುಖವನ್ನು ಎರಡು ತಲೆಮಾರಿಗೆ ತಪ್ಪಿಸಿದವರು ಪರಭಾಷಿಕರಲ್ಲ, ಕನ್ನಡದ ಹೆಸರಿನಲ್ಲಿ ನಾವು.

ನಾಲ್ಕನೇ ಹೆಗ್ಗಣ: ನಮ್ಮ ಕೈಯ ಕಲ್ಲು

ಈಗ ಬರುವುದು ಹೇಳಲು ಕಷ್ಟವಾದ ಮಾತು.

1966ರಲ್ಲಿ ಹುಟ್ಟಿದ ಶಿವಸೇನೆ ಮುಂಬೈಯಲ್ಲಿ ಮೊದಲು ಹರಿಹಾಯ್ದದ್ದು ದಕ್ಷಿಣದವರ ಮೇಲೆ. ಕಲ್ಲು ಬಿದ್ದದ್ದು ಉಡುಪಿ ಹೋಟೆಲುಗಳ ಮೇಲೆ. ಲುಂಗಿಯವರನ್ನು ಓಡಿಸಿ ಎಂಬ ಘೋಷಣೆ ಕೇಳಿ ನಡುಗಿದವರಲ್ಲಿ ನಮ್ಮ ಕನ್ನಡ, ತುಳು ತಾಯಂದಿರಿದ್ದರು. ಅದನ್ನು ನೆನೆದರೆ ಇವತ್ತಿಗೂ ನಮ್ಮ ರಕ್ತ ಕುದಿಯುತ್ತದೆ, ಅಲ್ಲವೇ?

ಹಾಗಾದರೆ 1991ರ ಡಿಸೆಂಬರನ್ನು ನೆನೆಯೋಣ. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶವನ್ನು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸಿದ ಮರುದಿನಗಳಲ್ಲಿ ಬೆಂಗಳೂರಿನಲ್ಲಿ ಏನಾಯಿತು? ಆದೇಶ ಕೊಟ್ಟ ನ್ಯಾಯಮೂರ್ತಿಗಳ ಕೂದಲೂ ಕೊಂಕಲಿಲ್ಲ. ಸುಟ್ಟದ್ದು ತಮಿಳು ಕೂಲಿಕಾರರ ಗುಡಿಸಲು. ಹದಿನೈದಕ್ಕೂ ಹೆಚ್ಚು ಜೀವಗಳು ಹೋದವು. ನಮ್ಮ ಮನೆಗಳ ಕಲ್ಲು ಹೊತ್ತ, ನಮ್ಮ ಚರಂಡಿ ತೆಗೆದ ಜನ ಪಾತ್ರೆಪಗಡಿ ಕಟ್ಟಿಕೊಂಡು ಮಕ್ಕಳನ್ನು ಕಂಕುಳಲ್ಲಿಟ್ಟು ಊರು ಬಿಟ್ಟು ಓಡಿದರು. ಅವರ ತಾಯಂದಿರ ಕಣ್ಣೀರಿಗೂ ಮುಂಬೈಯ ನಮ್ಮ ತಾಯಂದಿರ ಕಣ್ಣೀರಿಗೂ ಏನು ವ್ಯತ್ಯಾಸ?

2016ರ ಸೆಪ್ಟೆಂಬರ್ 12ರಂದು ಮತ್ತೆ ಬೆಂಗಳೂರು ಹೊತ್ತಿ ಉರಿಯಿತು. ಹತ್ತಾರು ಬಸ್ಸು ಬೂದಿಯಾದವು. ಪೊಲೀಸರ ಗುಂಡಿಗೆ ಸತ್ತದ್ದು ನಮ್ಮದೇ ಬಡವರ ಮನೆಯ ಹುಡುಗ. ಆ ಬೆಂಕಿಯಿಂದ ಒಂದು ಕೊಡ ನೀರು ಹೆಚ್ಚು ಬಂತೇ? ಇಲ್ಲ. ನೀರು ಬಂದದ್ದು 2018ರ ಫೆಬ್ರವರಿ 16ರಂದು, ಸುಪ್ರೀಂ ಕೋರ್ಟಿನಲ್ಲಿ. ಕರ್ನಾಟಕದ ಪಾಲಿಗೆ 14.75 ಟಿಎಂಸಿ ಹೆಚ್ಚಾಯಿತು. ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ಅದನ್ನು ಗೆದ್ದು ತಂದದ್ದು ಕಡತ, ಅಂಕಿಅಂಶ, ನೀರಾವರಿ ಇಂಜಿನಿಯರುಗಳ ಲೆಕ್ಕ, ವಕೀಲರ ವಾದ. ಟೈರಿಗೆ ಹಚ್ಚಿದ ಬೆಂಕಿಯಲ್ಲ!

ನಮ್ಮ ಸಿಟ್ಟು ಯಾವಾಗಲೂ ಯಾರ ಮೇಲೆ ಇಳಿಯುತ್ತದೆ, ಗಮನಿಸಿದ್ದೀರಾ? ಸೆಕ್ಯುರಿಟಿ ಗಾರ್ಡಿನ ಮೇಲೆ. ಊಟ ತಂದುಕೊಡುವ ಹುಡುಗನ ಮೇಲೆ. ಅವನ ಕಪಾಳಕ್ಕೆ ಹೊಡೆದು, ವಿಡಿಯೋ ತೆಗೆದು, ಕ್ಷಮೆ ಕೇಳಿಸಿ ಮೀಸೆ ತಿರುವುತ್ತೇವೆ. ಆ ಹುಡುಗನನ್ನು ಕೆಲಸಕ್ಕಿಟ್ಟ, ನಮ್ಮವರಿಗೆ ಕೆಲಸ ಕೊಡದ ಗಾಜಿನ ಕಟ್ಟಡದ ಧಣಿಯ ಮುಂದೆ ಮನವಿ ಪತ್ರ ಹಿಡಿದು ಕೈಕಟ್ಟಿ ನಿಲ್ಲುತ್ತೇವೆ. ಸರೋಜಿನಿ ಮಹಿಷಿ ವರದಿ 58 ಶಿಫಾರಸುಗಳೊಂದಿಗೆ 1986ರಲ್ಲೇ ಸರ್ಕಾರದ ಕೈಸೇರಿತು. ಅಂದಿನಿಂದ ಎಲ್ಲ ಪಕ್ಷಗಳೂ ಗದ್ದುಗೆ ಏರಿ ಇಳಿದವು. 2024ರ ಜುಲೈಯಲ್ಲಿ ಸ್ಥಳೀಯರಿಗೆ ಉದ್ಯೋಗದ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು, ಉದ್ಯಮಿಗಳು ಹುಬ್ಬು ಗಂಟಿಕ್ಕಿದ ಕೂಡಲೇ ತಡೆಹಿಡಿಯಿತು. ಆಗ ಎಲ್ಲಿತ್ತು ನಮ್ಮ ಗಂಡಸುತನ? ಬಡಪಾಯಿಯ ಮುಂದೆ ಹುಲಿ, ಬಲಿಷ್ಠನ ಮುಂದೆ ಇಲಿ. ಇದಕ್ಕೆ ಭಾಷಾಭಿಮಾನ ಎನ್ನುವುದಿಲ್ಲ, ಹೇಡಿತನ ಎನ್ನುತ್ತಾರೆ.

ಇನ್ನು ರಶೀದಿ ಪುಸ್ತಕದ ವೀರರು! ನವೆಂಬರ್ ಬಂತೆಂದರೆ ಕೆಂಪು ಹಳದಿ ಶಾಲು ಹೊದ್ದು ಅಂಗಡಿ ಅಂಗಡಿಗೆ ರೋಲ್‌ಕಾಲ್ ಹೊರಡುವವರು. ಸೇಟುವಿನಿಂದ ಐದು ಸಾವಿರ ಸಿಕ್ಕರೆ ಅವನ ಇಂಗ್ಲಿಷ್ ಬೋರ್ಡು ಕಣ್ಣಿಗೆ ಕಾಣುವುದಿಲ್ಲ. ಇವರಿಂದಾಗಿ ನಿಜವಾದ ಹೋರಾಟಗಾರ ಅಂಗಡಿ ಮೆಟ್ಟಿಲು ಹತ್ತಿದರೂ ಮಾಲೀಕ ಮೊದಲು ಗಲ್ಲಾಪೆಟ್ಟಿಗೆಗೆ ಕೈಹಾಕುತ್ತಾನೆ. ಹೊರಗಿನವನು ಕನ್ನಡವನ್ನು ಅವಮಾನಿಸಿದ್ದಕ್ಕಿಂತ ಇದು ದೊಡ್ಡ ಅವಮಾನ.

ಐದನೇ ಹೆಗ್ಗಣ: ನಮ್ಮ ನಗು

ಹಾಸನದ ಕಡೆಯ ಹುಡುಗ "ಆಲು ತಂದೆ" ಎಂದರೆ, ಹಕಾರ ಬರಲ್ಲವೆಂದು ನಗುವವರು ಯಾರು? ಹುಬ್ಬಳ್ಳಿಯ ಹುಡುಗಿ "ಯಾಕ್ರಿ, ಏನ್ ಮಾಡಾಕತ್ತೀರಿ?" ಎಂದರೆ ಅಣಕಿಸುವವರು ಯಾರು? ಮಂಗಳೂರಿನವರ ಕನ್ನಡವನ್ನು ಸಿನಿಮಾದಲ್ಲಿ ನಗೆಹಬ್ಬ ಮಾಡಿದವರು ಯಾರು? ಕನ್ನಡ ಬಾರದವನನ್ನು ಬೈಯುವುದು ಹಾಗಿರಲಿ, ಕನ್ನಡ ಬರುವವನ ಕನ್ನಡಕ್ಕೇ ನಾವು ಮರ್ಯಾದೆ ಕೊಡುವುದಿಲ್ಲ. ಒಂದು ಸಲ ನಗಿಸಿಕೊಂಡವನು ಎರಡನೇ ಸಲ ಇಂಗ್ಲಿಷಿನ ಮರೆಗೆ ಹೋಗುತ್ತಾನೆ. ಕನ್ನಡ ಕಲಿಯುತ್ತಿರುವ ಹೊರಗಿನವನು "ನಾನು ಬರ್ತಾನೆ" ಎಂದು ತಪ್ಪಾಡಿದರೂ ಅಷ್ಟೇ. ನಮ್ಮ ಕಿಸಕ್ಕನೆ ನಗುವಿಗೆ ಹೆದರಿ ಬಾಯಿ ಮುಚ್ಚಿದವರು ಎಷ್ಟು ಜನವೋ!

ತುಳುವನ್ನೇ ತೆಗೆದುಕೊಳ್ಳಿ. 2011ರ ಜನಗಣತಿಯಲ್ಲಿ ತುಳುವನ್ನು ತಾಯ್ನುಡಿ ಎಂದವರು 18 ಲಕ್ಷಕ್ಕೂ ಹೆಚ್ಚು. ಕೊಡವ ತಕ್ ಆಡುವವರು ಒಂದು ಲಕ್ಷದ ಮೇಲೆ. ಎರಡೂ ಸಂವಿಧಾನದ ಎಂಟನೇ ಪರಿಚ್ಛೇದದ ಹೊರಗೇ ನಿಂತಿವೆ. ಅವರು ದನಿ ಎತ್ತಿದರೆ ನಮ್ಮಲ್ಲೇ ಕೆಲವರು "ಅದು ಕನ್ನಡದ ಉಪಭಾಷೆ ಬಿಡ್ರಿ" ಎನ್ನುತ್ತಾರೆ. ಅದೇ 2017ರಲ್ಲಿ ಕೇರಳ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಎಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು, ನಾವೂ ಅವರ ಪರ ಗಂಟಲು ಹರಿದುಕೊಂಡೆವು. ನ್ಯಾಯವೇ. ಆದರೆ ನ್ಯಾಯ ಗಡಿ ದಾಟಿದ ಕೂಡಲೇ ಬಣ್ಣ ಬದಲಿಸಬಾರದು. ಕಾಸರಗೋಡಿನಲ್ಲಿ ನಮಗೆ ಬೇಕಾದದ್ದು ಮಂಗಳೂರಿನಲ್ಲಿ ಅವರಿಗೂ ಬೇಕು. ದೊಡ್ಡಣ್ಣನ ದರ್ಪ ಹಿಂದಿಗೆ ಸಲ್ಲದಿದ್ದರೆ ಕನ್ನಡಕ್ಕೂ ಸಲ್ಲದು.

ಮನೆಯ ಮಾತು ಬೀದಿಗೆ ಯಾಕೆ?

"ಇದನ್ನೆಲ್ಲ ಬರೆದರೆ ಕನ್ನಡದ ವೈರಿಗಳಿಗೆ ಕೋಲು ಕೊಟ್ಟಂತಾಗುವುದಿಲ್ಲವೇ?" ಎಂದು ಕೆಲವರು ಕೇಳಿಯಾರು. ಇಲ್ಲ ಸ್ವಾಮಿ. ಆ ಕೋಲು ಅವರ ಕೈಯಲ್ಲಿ ಆಗಲೇ ಇದೆ. "ನಿಮ್ಮ ಮಕ್ಕಳೇ ಕನ್ನಡ ಓದಲ್ಲ, ನಮಗೇನು ಹೇಳ್ತೀರಿ?" ಎಂದು ಅವರು ಕೇಳಿದಾಗ ನಮ್ಮ ಬಾಯಿ ಕಟ್ಟುತ್ತದಲ್ಲ, ಅದೇ ಕೋಲು. ಅದನ್ನು ಕಿತ್ತುಕೊಳ್ಳುವುದಕ್ಕೆ ಇರುವುದು ಒಂದೇ ದಾರಿ: ಆ ಮಾತನ್ನು ಸುಳ್ಳು ಮಾಡುವುದು.

ನಮ್ಮ ಹಿರಿಯರು ಮಾಡಿದ್ದೂ ಅದನ್ನೇ. ಹತ್ತೊಂಬತ್ತನೇ ಶತಮಾನದ ಧಾರವಾಡದಲ್ಲಿ ಶಾಲೆ, ಕಚೇರಿಯೆಲ್ಲ ಮರಾಠಿಮಯ. ಓದಿದ ಕನ್ನಡಿಗನಿಗೆ ಕನ್ನಡವೆಂದರೆ ನಾಚಿಕೆ. ಡೆಪ್ಯೂಟಿ ಚನ್ನಬಸಪ್ಪನವರು ಮರಾಠರ ಮೇಲೆ ಕಲ್ಲೆಸೆಯಲಿಲ್ಲ. ಊರೂರಿಗೆ ಕನ್ನಡ ಶಾಲೆ ತೆರೆಸಿದರು, ಮೇಷ್ಟ್ರುಗಳನ್ನು ತಯಾರು ಮಾಡಿದರು. 1890ರಲ್ಲಿ ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಸಂಘ ಮಾಡಿದ ಮೊದಲ ಕೆಲಸ ಪುಸ್ತಕದ ಕೆಲಸ. 1911ರಲ್ಲಿ ಅದೇ ಸಂಘದ ವೇದಿಕೆಯಲ್ಲಿ ಇಂಗ್ಲಿಷ್ ಮೇಷ್ಟ್ರಾದ ಬಿ.ಎಂ. ಶ್ರೀಕಂಠಯ್ಯನವರು ಕನ್ನಡ ಮಾತು ತಲೆ ಎತ್ತುವ ಬಗೆಯ ಕುರಿತು ಮಾತಾಡಿದರು. ಇನ್ನೊಂದು ಭಾಷೆಯ ತಲೆ ತಗ್ಗಿಸುವ ಬಗೆಯನ್ನಲ್ಲ. ಆ ಒಂದು ವ್ಯತ್ಯಾಸ ನಮಗೆ ತಿಳಿದರೆ ಸಾಕು.

ನಾಳೆ ಬೆಳಿಗ್ಗೆಯಿಂದ

ಹಾಗಾದರೆ ಹೋರಾಟ ಬಿಡಬೇಕೇ? ಖಂಡಿತ ಇಲ್ಲ! ಹೋರಾಟ ನಾಳೆ ಬೆಳಿಗ್ಗೆ ಹಾಲಿನ ಬೂತಿನಿಂದಲೇ ಶುರುವಾಗಲಿ.

ಎದುರಿಗೆ ಯಾರೇ ಇರಲಿ, ಮೊದಲ ಮಾತು ಕನ್ನಡ. ಅವನಿಗೆ ತಿಳಿಯದಿದ್ದರೆ ನಗುನಗುತ್ತ ಇನ್ನೊಮ್ಮೆ ಕನ್ನಡ, ನಿಧಾನವಾಗಿ. ಬೈಗುಳ ಬೇಡ, ಭಾಷೆ ಬದಲಿಸುವ ಅವಸರವೂ ಬೇಡ. ಎಟಿಎಂನಲ್ಲಿ ಕನ್ನಡ ಒತ್ತಿ. ಬ್ಯಾಂಕಿನಲ್ಲಿ ಕನ್ನಡ ನಮೂನೆ ಕೇಳಿ, ಇಲ್ಲವೆಂದರೆ ಮ್ಯಾನೇಜರಿಗೆ ಕನ್ನಡದಲ್ಲೇ ದೂರು ಬರೆದು ಸ್ವೀಕೃತಿ ಪಡೆಯಿರಿ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆ 2024ರಿಂದ ಕನ್ನಡದಲ್ಲೂ ನಡೆಯುತ್ತಿದೆ. ಹೋರಾಡಿ ಗಳಿಸಿದ ಪ್ರಶ್ನೆಪತ್ರಿಕೆ ಇದು. ಬರೆಯುವವರಿಲ್ಲದೆ ಅದು ಬಿಕೋ ಎನ್ನಬಾರದು. ನಿಮ್ಮ ಬಡಾವಣೆಯ ಸರ್ಕಾರಿ ಶಾಲೆಗೆ ವಾರಕ್ಕೊಮ್ಮೆ ಹೋಗಿ ಮಕ್ಕಳಿಗೆ ಇಂಗ್ಲಿಷ್, ಗಣಿತ ಹೇಳಿಕೊಡಿ. ಆ ಶಾಲೆ ಉಳಿದರೆ ಕನ್ನಡ ಉಳಿಯುತ್ತದೆ. ಪಕ್ಕದ ಮನೆಯ ಹಿಂದಿಯವನಿಗೆ ದಿನಕ್ಕೊಂದು ಕನ್ನಡ ಮಾತು ಕಲಿಸಿ, ಅವನು ತಪ್ಪಾಡಿದರೆ ಬೆನ್ನು ತಟ್ಟಿ. ಬಡವನ ಮೇಲೆ ಕೈ ಎತ್ತುವವನು ನಮ್ಮದೇ ಸಂಘದವನಾದರೂ ಆ ಕೈ ಹಿಡಿಯಿರಿ. ರಶೀದಿ ಪುಸ್ತಕದವನನ್ನು ಸಭೆಯಿಂದ ಎಬ್ಬಿಸಿ ಕಳಿಸಿ.

ಇಷ್ಟು ಮಾಡಿದ ಮೇಲೆ ಬ್ಯಾಂಕಿನ ಮುಂದೆ, ವಿಧಾನಸೌಧದ ಮುಂದೆ, ದೆಹಲಿಯ ಮುಂದೆ ಹೋಗಿ ನಿಲ್ಲೋಣ. ಆಗ ನಮ್ಮ ದನಿಗೆ ಬೇರೆಯೇ ತೂಕ ಬಂದಿರುತ್ತದೆ. "ನೀವು ಮೊದಲು ಮಾಡಿ" ಎಂದು ಯಾರೂ ನಮಗೆ ಹೇಳಲಾರರು. ನೊಣವೂ ಕೊಳಕೇ, ಅದನ್ನೂ ಓಡಿಸೋಣ. ಆದರೆ ಮೊದಲು ಏಳಿ, ಹೆಗ್ಗಣ ಎತ್ತಿ ಎಸೆಯೋಣ!

ಸಿರಿಗನ್ನಡಂ ಗೆಲ್ಗೆ! ಸಿರಿಗನ್ನಡಂ ಬಾಳ್ಗೆ!